ಹಗುರ ಸೈಕಲ್ಲಿನ ಲೆಕ್ಕವೂ ಬಳ್ಳಾರಿ ಜಾಲಿಯ ಮುಳ್ಳೂ

ಹೊಸ ಸೈಕಲ್ಲನ್ನು ಕಂಡವರು, ಅವರು ಸೈಕಲ್ ತುಳಿಯುವವರಾಗಿರಲಿ ಬಿಡಲಿ, ಮೊದಲು ಮಾಡುವ ಕೆಲಸ ಅದನ್ನು ಎತ್ತಿ ನೋಡುವುದು. ಬಳ್ಳಾರಿಯಲ್ಲಿ ಯಾವುದಾದರೂ ಚಹಾದಂಗಡಿಯ ಗೋಡೆಗೆ ರೇಸಿಂಗ್ ಸೈಕಲ್ಲೊಂದನ್ನು ಒರಗಿಸಿ ಐದು ನಿಮಿಷ ನಿಂತರೆ ಸಾಕು, ಯಾರಾದರೊಬ್ಬರು ಹತ್ತಿರ ಬಂದು ಮೇಲಿನ ಕೊಳವೆಯ ಕೆಳಗೆ ಎರಡು ಬೆರಳು ಹಾಕಿ ಅದನ್ನು ನೆಲದಿಂದ ಎಬ್ಬಿಸುತ್ತಾರೆ, ಬೆರಗಾಗುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಎಷ್ಟು ಜೋರು ಓಡುತ್ತದೆ ಎಂಬ ಪ್ರಶ್ನೆ ಬಂದರೆ ಮೂರನೆಯದಾಗಿ ಬರುತ್ತದೆ. ಇದರಲ್ಲಿ ತಪ್ಪೇನಿಲ್ಲ. ನಿಂತಿರುವ ಸೈಕಲ್ಲಿನ ಗುಣಗಳಲ್ಲಿ ಕೈಗೆ ನೇರವಾಗಿ ತಿಳಿಯುವುದು ತೂಕವೊಂದೇ. ಗಾಳಿಯನ್ನು ಅದು ಹೇಗೆ ಸೀಳುತ್ತದೆ, ಟೈರು ಎಷ್ಟು ಸಲೀಸಾಗಿ ಉರುಳುತ್ತದೆ, ಹತ್ತು ವರ್ಷದ ಮೇಲೆ ಅದು ಏನಾಗಿರುತ್ತದೆ ಎಂಬುದನ್ನು ಎರಡು ಬೆರಳಿನಿಂದ ಅಳೆಯಲಾಗದು. ರಸ್ತೆ ಸೈಕಲ್ಲುಗಳ ಲೋಕದಲ್ಲಿ ಗ್ರಾಮಿಗೆ ಗ್ರಾಂ ತೂಕ ಇಳಿಸುವ ಹಟ ಇಷ್ಟು ಬೆಳೆದಿರುವುದಕ್ಕೆ ಭೌತವಿಜ್ಞಾನಕ್ಕಿಂತ ಈ ಎರಡು ಬೆರಳುಗಳೇ ಹೆಚ್ಚು ಕಾರಣವೆಂದು ನನಗೆ ಅನ್ನಿಸುತ್ತದೆ. ತೂಕ ಇಳಿಸಿದರೆ ನಿಜವಾಗಿ ಸಿಗುವುದೇನು, ಅದಕ್ಕೆ ಪ್ರತಿಯಾಗಿ ಬಿಟ್ಟುಕೊಡಬೇಕಾದುದೇನು ಎಂಬುದನ್ನು ನಮ್ಮ ಬಯಲು ಸೀಮೆಯ ರಸ್ತೆಗಳನ್ನೇ ಎದುರಿಗಿಟ್ಟುಕೊಂಡು ನೋಡಬಹುದು.

ನಮ್ಮ ಕಡೆ ಸೈಕಲ್ಲೆಂದರೆ ಬಹುಕಾಲ ಹೊರೆ ಹೊರುವ ಬಂಡಿಯಾಗಿತ್ತು. ಹಾಲಿನ ಕ್ಯಾನು, ಮೇವಿನ ಹೊರೆ, ಗಿರಣಿಗೆ ಹೋಗುವ ಜೋಳದ ಚೀಲ, ಹಿಂದೆ ಒಬ್ಬ ಮುಂದೆ ಒಬ್ಬ ಮಕ್ಕಳು, ಇಷ್ಟನ್ನೂ ಹೊರಬಲ್ಲ ಕರಿಯ ಸೈಕಲ್ಲು ಇಪ್ಪತ್ತು ಕಿಲೋ ಆಸುಪಾಸು ತೂಗುತ್ತಿತ್ತು. ಮುಂದಿನ ಚಕ್ರಕ್ಕೆ 32, ಹಿಂದಿನ ಚಕ್ರಕ್ಕೆ 40 ಕಡ್ಡಿಗಳಿರುತ್ತಿದ್ದವು. ಅದರಲ್ಲಿ ಹೆಚ್ಚುವರಿ ಉಕ್ಕು ಇತ್ತೆಂದು ಹೇಳುವುದಕ್ಕಿಂತ ಆ ಉಕ್ಕೇ ಅದರ ಕೆಲಸವಾಗಿತ್ತೆಂದು ಹೇಳುವುದು ಸರಿ. 1903ರಲ್ಲಿ ಮೊದಲ ಟೂರ್ ದ ಫ್ರಾನ್ಸ್ ಓಡಿದವರ ಸೈಕಲ್ಲುಗಳೂ ಇದಕ್ಕಿಂತ ಬಹಳ ಹಗುರವಾಗಿರಲಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ಸಾಧಾರಣ ಅಲ್ಯೂಮಿನಿಯಂ ರಸ್ತೆ ಸೈಕಲ್ಲು ಹತ್ತು ಹನ್ನೊಂದು ಕಿಲೋ, ಒಳ್ಳೆಯ ಕಾರ್ಬನ್ ಸೈಕಲ್ಲು ಎಂಟು ಕಿಲೋ, ಹಗುರತನವನ್ನೇ ಗುರಿಯಾಗಿಟ್ಟುಕೊಂಡು ಮಾಡಿದ್ದು ಐದಾರು ಕಿಲೋ ತೂಗುತ್ತದೆ. 2014ರಲ್ಲಿ ಟ್ರೆಕ್ ಕಂಪನಿ ಎಮೋಂಡ ಎಂಬ ಮಾದರಿಯನ್ನು ತಂದಾಗ ಪೂರ್ತಿ ಸೈಕಲ್ಲಿನ ತೂಕ 4.65 ಕಿಲೋ ಎಂದು ಹೇಳಿಕೊಂಡಿತ್ತು. 2020ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಈಥೋಸ್ ಬಂದಾಗ ಅದರ ಚೌಕಟ್ಟಿನ ತೂಕ 585 ಗ್ರಾಂ ಎನ್ನಲಾಯಿತು. ಅಂದರೆ ಒಂದು ಆಳನ್ನು ಹೊರುವ ಚೌಕಟ್ಟು ಮುಕ್ಕಾಲು ಲೀಟರ್ ನೀರಿಗಿಂತ ಹಗುರ.

ಈಗ ಲೆಕ್ಕ. ಸೈಕಲ್ ತುಳಿಯುವವನ ಶಕ್ತಿ ಮುಖ್ಯವಾಗಿ ಮೂರು ತಡೆಗಳನ್ನು ಮೀರುವುದಕ್ಕೆ ಖರ್ಚಾಗುತ್ತದೆ. ಮೊದಲನೆಯದು ಏರಿನಲ್ಲಿ ಮೈಯನ್ನೂ ಸೈಕಲ್ಲನ್ನೂ ಮೇಲೆತ್ತುವ ಕೆಲಸ. ಇದು ಒಟ್ಟು ತೂಕಕ್ಕೆ ನೇರವಾಗಿ ಹೊಂದಿಕೊಂಡಿದೆ. ಎರಡನೆಯದು ಟೈರು ನೆಲಕ್ಕೆ ಒತ್ತಿಕೊಂಡು ಚಪ್ಪಟೆಯಾಗಿ ಮತ್ತೆ ದುಂಡಗಾಗುವಾಗ ಕಳೆದುಹೋಗುವ ಶಕ್ತಿ. ಇದೂ ತೂಕವನ್ನು ಅವಲಂಬಿಸಿದ್ದರೂ ಮೊತ್ತ ಸಣ್ಣದು. ಮೂರನೆಯದು ಗಾಳಿ. ಗಾಳಿಗೂ ತೂಕಕ್ಕೂ ಸಂಬಂಧವೇ ಇಲ್ಲ. ಎದುರಿಗೆ ಎಷ್ಟು ಅಗಲವಾಗಿ, ಎಂಥ ಆಕಾರದಲ್ಲಿ ಕುಳಿತಿದ್ದೀರಿ ಎಂಬುದಷ್ಟೇ ಅದಕ್ಕೆ ಬೇಕು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಗೆ ಕೊಡಬೇಕಾದ ಕಂದಾಯ ಎಂಟು ಪಟ್ಟಾಗುತ್ತದೆ.

ಸವಾರ 75 ಕಿಲೋ, ಸೈಕಲ್ಲು 8 ಕಿಲೋ ಎಂದಿಟ್ಟುಕೊಳ್ಳೋಣ. ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ, ಭತ್ತದ ಗದ್ದೆ ಮತ್ತು ಮೆಣಸಿನಕಾಯಿ ಹೊಲಗಳ ನಡುವೆ ಹೋಗುವ ರಸ್ತೆಯನ್ನು ಪೂರ್ತಿ ಸಪಾಟೆಂದೇ ಭಾವಿಸಿ, ಗಾಳಿ ಬೀಸದ ಬೆಳಗಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 40 ಕಿಲೋಮೀಟರ್ ಹೋದರೆ ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಆ ವೇಗಕ್ಕೆ ಸುಮಾರು 155 ವಾಟ್ ಶಕ್ತಿ ಚಕ್ರಕ್ಕೆ ತಲುಪಬೇಕು, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಗಾಳಿಯೊಂದೇ ತಿನ್ನುತ್ತದೆ. ಸೈಕಲ್ಲಿನಿಂದ ಒಂದು ಕಿಲೋ ಇಳಿಸಿದರೆ ಉಳಿಯುವುದು ಅರ್ಧ ವಾಟಿಗಿಂತ ಕಡಿಮೆ. ಅದೇ ಶಕ್ತಿಯಿಂದ ತುಳಿದರೆ ನಲವತ್ತು ಕಿಲೋಮೀಟರಿನ ಕೊನೆಗೆ ಐದು ಸೆಕೆಂಡಿನಷ್ಟು ಮುಂಚೆ ತಲುಪಬಹುದು. ಆ ರಸ್ತೆಯಲ್ಲಿ ಒಂದು ಕುರಿ ಹಿಂಡು ದಾಟುವವರೆಗೆ ಕಾಯಬೇಕಾದ ಸಮಯ ಇದಕ್ಕಿಂತ ಎಷ್ಟೋ ಹೆಚ್ಚು. ಇದೇ ಸವಾರ ಮೊಣಕೈ ಮಡಿಸಿ ಬೆನ್ನು ತುಸು ಬಾಗಿಸಿದರೆ ಹತ್ತು ವಾಟ್ ಉಳಿಯುತ್ತದೆ. ಒರಟು ಟೈರಿನ ಬದಲು ಚೆನ್ನಾಗಿ ಉರುಳುವ ಟೈರು ಹಾಕಿಕೊಂಡರೆ ಆರೇಳು ವಾಟ್ ಉಳಿಯುತ್ತದೆ. ಮೊಣಕೈ ಮಡಿಸುವುದಕ್ಕೆ ದುಡ್ಡು ಬೇಕಿಲ್ಲ, ಬೆನ್ನು ನೋವು ತಾಳಿಕೊಂಡರಾಯಿತು.

ಗಾಳಿ ಬೀಸದ ಬೆಳಗು ಎಂದೆ. ಆಷಾಢದಲ್ಲಿ ಅಂಥ ಬೆಳಗುಗಳು ನಮಗೆ ಸಿಗುವುದು ಅಪರೂಪ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದಿಂದ ಬರುವ ಗಾಳಿ ಮಳೆಯನ್ನು ಘಟ್ಟದಲ್ಲೇ ಸುರಿದು, ನಮ್ಮ ಕಡೆಗೆ ಬರಿಯ ರಭಸವನ್ನಷ್ಟೇ ತರುತ್ತದೆ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಗಾಳಿಯಂತ್ರಗಳು ಸುಮ್ಮನೆ ಎದ್ದು ನಿಂತಿಲ್ಲ. ಗಂಟೆಗೆ 15 ಕಿಲೋಮೀಟರಿನ ಎದುರುಗಾಳಿ ಬೀಸಿದರೆ, ಮೇಲಿನ ಲೆಕ್ಕದ ಅದೇ ಸವಾರ ಅದೇ ಶಕ್ತಿಯಿಂದ ತುಳಿದರೂ ಅವನ ವೇಗ 30ರಿಂದ 22ರ ಆಸುಪಾಸಿಗೆ ಬೀಳುತ್ತದೆ. ಸೈಕಲ್ಲು ಎಂಟು ಕಿಲೋ ಇದ್ದರೂ ಐದು ಕಿಲೋ ಇದ್ದರೂ ಆ ಗಾಳಿಗೆ ಅಷ್ಟೇನೂ ವ್ಯತ್ಯಾಸವಿಲ್ಲ.

ಏರಿಗೆ ಬಂದರೆ ಮಾತು ಬದಲಾಗುತ್ತದೆ. ಫ್ರಾನ್ಸಿನ ಆಲ್ಪ್ ದುವೆಜ್ ಎಂಬ ಹೆಸರಾಂತ ಏರು 13.8 ಕಿಲೋಮೀಟರ್ ಉದ್ದವಿದ್ದು, ಸರಾಸರಿ ನೂರಕ್ಕೆ ಎಂಟರಷ್ಟು ಏರುತ್ತದೆ. 250 ವಾಟ್ ಹಾಕಿ ತುಳಿದರೆ ನಮ್ಮ ಸವಾರ ಅದನ್ನು ಗಂಟೆಗೆ ಹನ್ನೆರಡು ಕಿಲೋಮೀಟರ್ ವೇಗದಲ್ಲಿ, ಒಂದು ಗಂಟೆ ಎಂಟೊಂಬತ್ತು ನಿಮಿಷದಲ್ಲಿ ಹತ್ತುತ್ತಾನೆ. ಅಲ್ಲಿ ಗಾಳಿಯ ಪಾಲು ನಗಣ್ಯ, ಶಕ್ತಿಯೆಲ್ಲ ಮೇಲೆತ್ತುವುದಕ್ಕೇ ಹೋಗುತ್ತದೆ. ಒಂದು ಕಿಲೋ ಇಳಿಸಿದರೆ ಸುಮಾರು 45 ಸೆಕೆಂಡು ಉಳಿಯುತ್ತದೆ. ಪಂದ್ಯದಲ್ಲಿ 45 ಸೆಕೆಂಡೆಂದರೆ ಗೆಲುವು ಸೋಲಿನ ನಡುವಿನ ಅಂತರ. ಹಗುರ ಸೈಕಲ್ಲಿನ ಹಟಕ್ಕೆ ಇರುವ ನಿಜವಾದ ಆಧಾರ ಇದು, ಮತ್ತು ಆ ಆಧಾರ ಬೆಟ್ಟದಲ್ಲಿದೆ. ಆದರೆ ಇಲ್ಲಿಯೂ ಸೈಕಲ್ಲಿನ ಒಂದು ಕಿಲೋ ಮತ್ತು ಸವಾರನ ಹೊಟ್ಟೆಯ ಒಂದು ಕಿಲೋ ಒಂದೇ ಬೆಲೆಯವು ಎಂಬುದನ್ನು ಕಂಪನಿಗಳ ಜಾಹೀರಾತು ಹೇಳುವುದಿಲ್ಲ.

ಚಕ್ರದ ತೂಕಕ್ಕೆ ಎರಡು ಪಟ್ಟು ಬೆಲೆ ಎಂಬ ಮಾತನ್ನು ಸೈಕಲ್ ಗೆಳೆಯರು ಮತ್ತೆ ಮತ್ತೆ ಹೇಳುವುದುಂಟು. ಅದು ಅರ್ಧ ನಿಜ. ರಿಮ್ಮಿನ ಅಂಚಿನಲ್ಲಿರುವ ನೂರು ಗ್ರಾಂ ಮುಂದಕ್ಕೂ ಹೋಗುತ್ತದೆ, ಸುತ್ತಲೂ ತಿರುಗುತ್ತದೆ. ಆದ್ದರಿಂದ ಅದಕ್ಕೆ ವೇಗ ಕೊಡಲು ಚೌಕಟ್ಟಿನ ಇನ್ನೂರು ಗ್ರಾಮಿಗೆ ಬೇಕಾದಷ್ಟು ಶಕ್ತಿ ಬೇಕು. ಆದರೆ ಇದು ವೇಗ ಹೆಚ್ಚಿಸುವ ಕ್ಷಣಕ್ಕೆ ಮಾತ್ರ ಅನ್ವಯಿಸುವ ಮಾತು. ಒಂದೇ ವೇಗದಲ್ಲಿ ಏರು ಹತ್ತುವಾಗ ಚಕ್ರದ ಗ್ರಾಂ ಬೇರೆ ಯಾವುದೇ ಗ್ರಾಮಿನಂತೆಯೇ ಒಂದು ಗ್ರಾಂ ಅಷ್ಟೇ.

ತೂಕಕ್ಕೂ ಗಾಳಿಗೂ ನಡೆದ ಈ ಪಂದ್ಯದ ತೀರ್ಪು ಒಂದು ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿಟ್ಟಂತಿದೆ. 1972ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದು ದಾಖಲೆ ಮಾಡಿದರು. ಆ ಸೈಕಲ್ಲನ್ನು ಇಟಲಿಯ ಎರ್ನೆಸ್ಟೊ ಕೊಲ್ನಾಗೊ ಕಟ್ಟಿದ್ದರು. ಉಕ್ಕಿನ ಚೌಕಟ್ಟಿದ್ದರೂ ತೂಕ ಆರು ಕಿಲೋಗಿಂತ ಕಡಿಮೆ, ಚೈನಿನ ಕೊಂಡಿಗಳಿಗೂ ತೂತು ಕೊರೆದು ತೂಕ ಇಳಿಸಲಾಗಿತ್ತು. ಆ ಕಾಲದಲ್ಲಿ ಲೋಹಕ್ಕೆ ತೂತು ಕೊರೆಯುವುದೇ ಒಂದು ಗೀಳಾಗಿತ್ತು. ಬ್ರೇಕಿನ ಹಿಡಿ, ಚೈನಿನ ಹಲ್ಲುಚಕ್ರ, ಸೀಟಿನ ಕಂಬ ಯಾವುದನ್ನೂ ಡ್ರಿಲ್ಲು ಬಿಡುತ್ತಿರಲಿಲ್ಲ. ತರುವಾಯ 1996ರಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಕೈಗಳನ್ನು ಮುಂದಕ್ಕೆ ಪೂರ್ತಿ ಚಾಚಿ, ಈಜುವವನಂತೆ ಮೈ ಉದ್ದಮಾಡಿ, ಗಾಳಿ ಸೀಳುವ ಚೌಕಟ್ಟಿನ ಮೇಲೆ ಕುಳಿತು ಅದೇ ಒಂದು ಗಂಟೆಯಲ್ಲಿ 56.375 ಕಿಲೋಮೀಟರ್ ಹೋದರು. ಆಮೇಲೆ ನಿಯಮ ಬದಲಿಸಿ, ಮರ್ಕ್ಸ್ ಕಾಲದ ಮಾದರಿಯ ಸೈಕಲ್ಲಿನಲ್ಲೇ ತುಳಿಯಬೇಕೆಂದಾಗ, 2000ನೇ ಇಸವಿಯಲ್ಲಿ ಅದೇ ಬೋರ್ಡ್‌ಮನ್ ತುಳಿದದ್ದು 49.441 ಕಿಲೋಮೀಟರ್, ಮರ್ಕ್ಸ್‌ಗಿಂತ ಬರಿಯ ಹತ್ತು ಮೀಟರ್ ಮುಂದೆ. ಅದೇ ಮನುಷ್ಯ, ಅದೇ ಮ್ಯಾಂಚೆಸ್ಟರಿನ ಅಂಗಳ. ನಾಲ್ಕು ವರ್ಷ ವಯಸ್ಸಾಗಿದ್ದುದನ್ನು ಬಿಟ್ಟರೆ ನಡುವಿನ ಏಳು ಕಿಲೋಮೀಟರಿನ ಬಹುಪಾಲು ಗಾಳಿಯದ್ದು.

ಇನ್ನು ತೂಕ ಇಳಿಸುವುದು ಹೇಗೆ? ಸಂಡೂರಿನ ಗುಡ್ಡದ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುವುದನ್ನು ದಿನವೂ ನೋಡುವ ನಮಗೆ ಉಕ್ಕು ಭಾರ, ಅಲ್ಯೂಮಿನಿಯಂ ಹಗುರ ಎಂಬುದು ಹೇಳಿಸಿಕೊಳ್ಳಬೇಕಾದ ಸಂಗತಿಯಲ್ಲ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ ಟೈಟೇನಿಯಂ 4.5, ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತವೆ. ಆದರೆ ಬಾಗದೆ ನಿಲ್ಲುವ ಗುಣ, ಅದನ್ನು ಇಲ್ಲಿ ಬಿಗುಪು ಎಂದು ಕರೆಯೋಣ, ಅದೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ: ಉಕ್ಕಿನದು ಸುಮಾರು 200 ಗಿಗಾಪಾಸ್ಕಲ್, ಟೈಟೇನಿಯಂನದು 110, ಅಲ್ಯೂಮಿನಿಯಂನದು 70. ಬಿಗುಪನ್ನು ತೂಕದಿಂದ ಭಾಗಿಸಿ ನೋಡಿದರೆ ಮೂರು ಲೋಹಗಳಿಗೂ 25ರ ಸುತ್ತಮುತ್ತಲಿನ ಸಂಖ್ಯೆಯೇ ಬರುತ್ತದೆ. ಪ್ರಕೃತಿ ಈ ಮೂರಕ್ಕೂ ಒಂದೇ ದರ ನಿಗದಿ ಮಾಡಿದಂತಿದೆ. ಹಾಗಿದ್ದರೆ ಅಲ್ಯೂಮಿನಿಯಂ ಸೈಕಲ್ಲು ಹಗುರವಾಗುವುದು ಎಲ್ಲಿಂದ?

ಕೊಳವೆಯ ದಪ್ಪದಿಂದ. ತೆಳು ಗೋಡೆಯ ಕೊಳವೆಯೊಂದರ ಬಿಗುಪು ಅದರ ಗೋಡೆಯ ದಪ್ಪಕ್ಕೆ ನೇರವಾಗಿ ಹೊಂದಿದ್ದರೆ, ಅದರ ವ್ಯಾಸಕ್ಕೆ ಘನದಂತೆ ಹೊಂದಿಕೊಂಡಿದೆ. ವ್ಯಾಸ ಎರಡು ಪಟ್ಟು ಮಾಡಿ ಗೋಡೆಯನ್ನು ಅರ್ಧಕ್ಕೆ ಇಳಿಸಿದರೆ ಲೋಹ ಅಷ್ಟೇ ಬೇಕು, ತೂಕವೂ ಅಷ್ಟೇ, ಆದರೆ ಬಿಗುಪು ನಾಲ್ಕು ಪಟ್ಟು. ಬಿದಿರು ಒಳಗೆ ಟೊಳ್ಳಾಗಿದ್ದೂ ನೆಟ್ಟಗೆ ನಿಲ್ಲುವುದು ಇದೇ ಗುಟ್ಟಿನಿಂದ. ಉಕ್ಕಿನಲ್ಲಿ ಈ ಆಟವನ್ನು ಬಹಳ ದೂರ ಆಡಲಾಗದು. 1935ರಲ್ಲಿ ಬಂದ ರೆನಾಲ್ಡ್ಸ್ 531 ಎಂಬ ಹೆಸರಾಂತ ಕೊಳವೆಗಳು ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪವಾಗಿ, ನಡುವೆ ಅರ್ಧ ಮಿಲಿಮೀಟರಿನ ಆಸುಪಾಸಿಗೆ ತೆಳುವಾಗಿದ್ದವು. ಅದಕ್ಕಿಂತ ತೆಳುವಾದರೆ ಗೋಡೆ ನೆಗ್ಗುತ್ತದೆ. ಅಲ್ಯೂಮಿನಿಯಂ ಹಗುರವಾಗಿರುವುದರಿಂದ ದಪ್ಪನೆಯ ಕೊಳವೆ ಮಾಡಿದರೂ ಗೋಡೆ ನೆಗ್ಗದಷ್ಟು ದಪ್ಪ ಉಳಿಯುತ್ತದೆ. 1980ರ ದಶಕದಲ್ಲಿ ಕೋಲಿನಂತಿದ್ದ ಕೊಳವೆಗಳು ಒನಕೆಯಂತಾದದ್ದು ಹೀಗೆ. ಆದರೆ ಅಲ್ಲಿಯೂ ಮಿತಿ ಬಂದೇ ಬಂತು. ತಂಪುಪಾನೀಯದ ಖಾಲಿ ಡಬ್ಬಿಯ ಮೇಲೆ ನೇರವಾಗಿ ಕಾಲಿಟ್ಟರೆ ಅದು ಸ್ವಲ್ಪ ಹೊತ್ತು ಭಾರ ತಡೆಯುತ್ತದೆ. ಪಕ್ಕದಿಂದ ಬೆರಳಿನಿಂದ ತುಸು ಒತ್ತಿದ ಕ್ಷಣ ಮಡಚಿಕೊಳ್ಳುತ್ತದೆ. ಅತಿ ತೆಳು ಕೊಳವೆಯ ಗುಣ ಅದೇ. ತುಳಿಯುವ ಭಾರಕ್ಕೆ ಅದು ಗಟ್ಟಿ, ಗೋಡೆಗೆ ತಾಗಿದ ಹ್ಯಾಂಡಲ್ಲಿನ ಏಟಿಗೆ ಮೆದು.

ಕಾರ್ಬನ್ ನಾರು ಈ ಒಂದೇ ದರದ ಅಂಗಡಿಯಿಂದ ಹೊರಗೆ ಕಾಲಿಟ್ಟ ವಸ್ತು. ನಾರನ್ನು ಅಂಟಿನಲ್ಲಿ ಕೂರಿಸಿದ ಹಾಳೆಯ ತೂಕ ಘನ ಸೆಂಟಿಮೀಟರಿಗೆ 1.6 ಗ್ರಾಂ ಮಾತ್ರ. ನಾರು ಸಾಗಿದ ದಿಕ್ಕಿನಲ್ಲಿ ಅದರ ಬಿಗುಪು ತೂಕಕ್ಕೆ ಹೋಲಿಸಿದರೆ ಲೋಹಗಳ ಮೂರು ಪಟ್ಟಾಗುತ್ತದೆ. ಆದರೆ ‘ನಾರು ಸಾಗಿದ ದಿಕ್ಕಿನಲ್ಲಿ’ ಎಂಬ ಮಾತನ್ನು ಮರೆಯಬಾರದು. ಅಡ್ಡದಿಕ್ಕಿನಲ್ಲಿ ಅದನ್ನು ಹಿಡಿದಿರುವುದು ಬರಿಯ ಅಂಟು. ಆದ್ದರಿಂದ ಚೌಕಟ್ಟು ಮಾಡುವವರು ನೂರಾರು ತುಂಡುಗಳನ್ನು ಬೇರೆ ಬೇರೆ ಕೋನಗಳಲ್ಲಿ ಪದರ ಪದರವಾಗಿ ಹಾಸುತ್ತಾರೆ. ಉದ್ದಕ್ಕೆ ಹಾಸಿದ ಪದರ ಬಾಗುವುದನ್ನೂ, ಓರೆಯಾಗಿ ಹಾಸಿದ ಪದರ ತಿರುಚುವುದನ್ನೂ, ಅಡ್ಡ ಹಾಸಿದ ಪದರ ಕೊಳವೆ ಚಪ್ಪಟೆಯಾಗುವುದನ್ನೂ ತಡೆಯುತ್ತದೆ. ಕೌದಿ ಹೊಲಿಯುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯಾವ ತುಂಡು ಎಲ್ಲಿ ಯಾವ ಓರೆಯಲ್ಲಿ ಬೀಳಬೇಕು ಎಂಬುದೇ ಅಲ್ಲಿ ವಿದ್ಯೆ. ಅತಿ ಹಗುರ ಚೌಕಟ್ಟಿನಲ್ಲಿ ತುಳಿತಕ್ಕೆ ನೇರವಾಗಿ ಬೇಕಿಲ್ಲದ ಪದರಗಳನ್ನು ಒಂದೊಂದಾಗಿ ತೆಗೆಯುತ್ತಾರೆ, ಉಳಿದ ಕಡೆ ಹೆಚ್ಚು ಬಿಗುಪಿನ ನಾರು ಹಾಕುತ್ತಾರೆ. ಬಿಗುಪು ಹೆಚ್ಚಾದಷ್ಟೂ ನಾರು ಪೆಡಸಾಗುತ್ತದೆ, ಮುರಿಯುವ ಮುನ್ನ ಅದು ಹಿಗ್ಗುವುದು ಕಡಿಮೆ. ಹೀಗೆ ಗ್ರಾಮುಗಳು ಹೋದದ್ದು ಎಲ್ಲಿಂದ ಎಂದು ಹುಡುಕಿದರೆ, ಅವು ಹೋಗಿರುವುದು ಅನಿರೀಕ್ಷಿತಕ್ಕೆಂದು ಇಟ್ಟಿದ್ದ ಉಳಿತಾಯದಿಂದ. ಟೆಂಪೊ ಮೇಲೆ ಹಗ್ಗ ಬಿಗಿದು ಕಟ್ಟುವುದು, ನಿಂತ ಸೈಕಲ್ಲಿನ ಮೇಲಿನ ಕೊಳವೆಯ ಮೇಲೆ ಪಕ್ಕದ ಮನೆಯ ಹುಡುಗ ಹತ್ತಿ ಕೂರುವುದು, ಗಾಳಿಗೆ ಬಿದ್ದು ಕಲ್ಲಿನ ಕಟ್ಟೆಗೆ ಬಡಿಯುವುದು, ಇವು ಯಾವುವೂ ವಿನ್ಯಾಸ ಮಾಡಿದವರ ಲೆಕ್ಕದ ಹಾಳೆಯಲ್ಲಿ ಮುಖ್ಯ ಸಾಲುಗಳಲ್ಲ.

ಮುರಿಯುವ ರೀತಿಯಲ್ಲೂ ವ್ಯತ್ಯಾಸವಿದೆ. ಉಕ್ಕು ಬಾಗುತ್ತದೆ, ಬಿರುಕು ಬಿಟ್ಟರೆ ಕಿರ್ ಎಂದು ದೂರು ಹೇಳುತ್ತದೆ, ಒಂದು ಮಿತಿಯೊಳಗಿನ ಭಾರವನ್ನು ಎಷ್ಟು ಲಕ್ಷ ಸಲ ಬೇಕಾದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಸಣ್ಣ ಭಾರವೂ ಎಣಿಕೆಗೆ ಬಂದು ಎಂದೋ ಒಂದು ದಿನ ಅದು ದಣಿಯುತ್ತದೆ. ಕಾರ್ಬನ್ ದಣಿಯುವುದರಲ್ಲಿ ಲೋಹಗಳಿಗಿಂತ ಮೇಲು, ಆದರೆ ಏಟು ಬಿದ್ದಾಗ ಒಳಪದರಗಳು ಬಿಟ್ಟುಕೊಂಡರೂ ಹೊರಗಿನ ಬಣ್ಣ ಏನೂ ಆಗದಂತೆ ಹೊಳೆಯುತ್ತಿರಬಹುದು. ಒಂದು ಭಾಗ ದಾರಿಯಲ್ಲಿ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2006ರ ಪ್ಯಾರಿಸ್–ರೂಬೆ ಪಂದ್ಯ ಸಾಕ್ಷಿ: ಕಲ್ಲುಹಾಸಿನ ರಸ್ತೆಯ ಮೇಲೆ ಅಮೆರಿಕದ ಜಾರ್ಜ್ ಹಿಂಕಪಿ ಅವರ ಹ್ಯಾಂಡಲ್ ಹಿಡಿದಿದ್ದ ಅಲ್ಯೂಮಿನಿಯಂ ಕೊಳವೆ ಮುರಿದು, ಹ್ಯಾಂಡಲ್ಲು ಕೈಯಲ್ಲೇ ಉಳಿದು ಅವರು ಬಿದ್ದರು. ಸೈಕಲ್ಲುಗಳ ಸುರಕ್ಷತೆಗೆ ಐಎಸ್‌ಒ 4210 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ಅದರಲ್ಲಿ ಚೌಕಟ್ಟಿಗೆ ತುಳಿತದ ಭಾರವನ್ನು ಲಕ್ಷ ಸಲ ಹಾಕಿ ತೆಗೆಯುವ ಪರೀಕ್ಷೆಯೂ ಇದೆ. ಒಳ್ಳೆಯ ಕಂಪನಿಗಳ ಹಗುರ ಚೌಕಟ್ಟುಗಳು ಅದನ್ನು ದಾಟಿಯೇ ಬರುತ್ತವೆ. ಹೆಸರಿಲ್ಲದ ಕಡೆಯಿಂದ ಅಂಚೆಯಲ್ಲಿ ತರಿಸಿಕೊಂಡ ಅಗ್ಗದ ಕಾರ್ಬನ್ ಹ್ಯಾಂಡಲ್ಲಿನ ಬಗ್ಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಪಂದ್ಯಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಅಂದರೆ ಯುಸಿಐ, 2000ನೇ ಇಸವಿಯಿಂದ ಪಂದ್ಯದ ಸೈಕಲ್ಲು 6.8 ಕಿಲೋಗಿಂತ ಕಡಿಮೆ ಇರಬಾರದೆಂದು ನಿಯಮ ಮಾಡಿತು. ಸುರಕ್ಷತೆ ಒಂದು ಕಾರಣ, ದುಡ್ಡಿದ್ದವರ ಯಂತ್ರವಲ್ಲ ಮನುಷ್ಯ ಗೆಲ್ಲಬೇಕೆಂಬುದು ಇನ್ನೊಂದು. ಆಗ 6.8 ಕಿಲೋ ತಲುಪುವುದೇ ಕಷ್ಟವಿತ್ತು. ಕೆಲವೇ ವರ್ಷಗಳಲ್ಲಿ ಅಂಗಡಿಯ ಸೈಕಲ್ಲುಗಳೇ ಅದಕ್ಕಿಂತ ಕೆಳಗಿಳಿದವು, ತಂಡದ ಮಿಸ್ತ್ರಿಗಳು ಪಂದ್ಯದ ಸೈಕಲ್ಲಿಗೆ ಭಾರ ಕಟ್ಟಬೇಕಾಗಿ ಬಂತು. 2004ರಲ್ಲಿ ಕ್ಯಾನನ್‌ಡೇಲ್ ಕಂಪನಿ ತನ್ನ ಸೈಕಲ್ಲನ್ನು ಕಾನೂನುಬದ್ಧ ಮಾಡಿ ಎಂದು ಇದರ ವಿರುದ್ಧ ಪ್ರಚಾರವನ್ನೇ ನಡೆಸಿತು. ಆ ನಿಯಮ ಇಂದಿಗೂ ಇದೆ. ಸ್ವಾರಸ್ಯವೆಂದರೆ ಈಗ ಅದನ್ನು ಮುರಿಯುವ ಆತುರ ಹಲವು ತಂಡಗಳಿಗೆ ಇಲ್ಲ. ಡಿಸ್ಕ್ ಬ್ರೇಕು ಬಂದು ಅರ್ಧ ಕಿಲೋದಷ್ಟು ಕೂಡಿತು. ಗಾಳಿ ಸೀಳುವ ಆಳವಾದ ರಿಮ್ಮು, ಚಪ್ಪಟೆ ಕೊಳವೆಗಳು ಇನ್ನಷ್ಟು ಕೂಡಿದವು. 6.8 ಕಿಲೋ ಸೈಕಲ್ಲು ಬಳಸಲು ಅವಕಾಶವಿದ್ದೂ ಅನೇಕ ವೃತ್ತಿಪರ ಸವಾರರು ಏಳು ಕಿಲೋ ದಾಟಿದ ಸೈಕಲ್ಲಿನ ಮೇಲೆ ಓಡುತ್ತಾರೆ. ದಿನವೂ ಸೆಕೆಂಡು ಎಣಿಸಿ ಬದುಕುವವರು ತಮ್ಮ ಆಯ್ಕೆಯಿಂದಲೇ ತೂಕ ಹೊರುತ್ತಿರುವಾಗ, ಭಾನುವಾರ ಬೆಳಿಗ್ಗೆ ಮಾತ್ರ ತುಳಿಯುವ ನಾವು ಗ್ರಾಮಿಗಾಗಿ ಪರದಾಡುವುದು ತುಸು ತಮಾಷೆಯಾಗಿ ಕಾಣುತ್ತದೆ.

ನಾನೂ ಪರದಾಡಿದವನೇ. ಮೂರು ವರ್ಷದ ಹಿಂದೆ ಇಪ್ಪತ್ಮೂರು ಮಿಲಿಮೀಟರ್ ಅಗಲದ ಅತಿ ಹಗುರ ಟೈರು, ಅದರೊಳಗೆ ಟಿಪಿಯು ಎಂಬ ಪ್ಲಾಸ್ಟಿಕ್ಕಿನ ತೆಳು ಟ್ಯೂಬು ಹಾಕಿಸಿಕೊಂಡೆ. ಸಾಮಾನ್ಯ ರಬ್ಬರ್ ಟ್ಯೂಬು ನೂರು ಗ್ರಾಂ ಆಸುಪಾಸು ತೂಗುವಲ್ಲಿ ಇದು ನಲವತ್ತಕ್ಕಿಂತ ಕಡಿಮೆ. ಮನೆಯ ತಕ್ಕಡಿಯಲ್ಲಿಟ್ಟು ನೋಡಿ ಹಿಗ್ಗಿದ್ದೂ ಆಯಿತು. ಆಮೇಲೆ ಬಳ್ಳಾರಿ ಜಾಲಿ ಸಿಕ್ಕಿತು. ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ ನಮ್ಮ ಊರಿನ ಹೆಸರನ್ನೇ ಹೊತ್ತು ರಸ್ತೆ ಬದಿ, ಕಾಲುವೆ ಏರಿ, ಕೆರೆಯಂಗಳ ಎಲ್ಲವನ್ನೂ ತುಂಬಿಕೊಂಡಿದೆ. ಉರುವಲಿಗೆಂದು ಕಡಿದು ಸಾಗಿಸುವಾಗ ಉದುರಿದ ಅದರ ಒಣಮುಳ್ಳು ಡಾಂಬರಿನ ಮೇಲೆ ಬಿದ್ದಿರುತ್ತದೆ. ಅದಕ್ಕೆ ಸೈಕಲ್ಲಿನ ಬೆಲೆಯ ಪರಿವೆ ಇಲ್ಲ. ಕುರುಗೋಡಿನ ದಾರಿಯಲ್ಲಿ ಒಂದೇ ಬೆಳಿಗ್ಗೆ ಎರಡು ಸಲ ಗಾಳಿ ಹೋಯಿತು. ಮೊದಲ ಸಲ ಜೊತೆಗಿದ್ದ ಹೆಚ್ಚುವರಿ ಟ್ಯೂಬು ಹಾಕಿದೆ. ಎರಡನೆಯ ಸಲ ಸೈಕಲ್ ನೂಕಿಕೊಂಡು ಪಂಚರ್ ಅಂಗಡಿಗೆ ಹೋದಾಗ, ಅಂಗಡಿಯ ಹಿರಿಯರು ಆ ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿ, “ಇದಕ್ಕ ನಮ್ಮ ಸಲ್ಯೂಷನ್ ಹಿಡಿಯಂಗಿಲ್ರೀ ಸರ್” ಎಂದರು. ಅವರ ಮಾತು ಸರಿ. ರಬ್ಬರಿಗೆ ರಬ್ಬರ್ ಬೆಸೆಯುವ ದ್ರಾವಣ ಈ ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ, ಅದಕ್ಕೆ ಅದರದೇ ತೇಪೆ ಬೇಕು. ಅರವತ್ತು ಗ್ರಾಂ ಇಳಿಸಲು ಹೋಗಿ ನಾನು ಕಳೆದುಕೊಂಡದ್ದು ದಾರಿಯುದ್ದಕ್ಕೂ ಹರಡಿಕೊಂಡಿರುವ ಒಂದು ಇಡೀ ದುರಸ್ತಿ ವ್ಯವಸ್ಥೆಯನ್ನು.

ಅದೇ ಹಿರಿಯರು ಹ್ಯಾಂಡಲ್ಲಿನ ಬೋಲ್ಟನ್ನು ಒಮ್ಮೆ ಬಿಗಿ ಮಾಡಲು ಪಾನಾ ಎತ್ತಿಕೊಂಡಾಗ ನಾನೇ ತಡೆದೆ. ಕಾರ್ಬನ್ ಹ್ಯಾಂಡಲ್ ಹಿಡಿಯುವ ಬೋಲ್ಟುಗಳನ್ನು ಸಾಮಾನ್ಯವಾಗಿ ಐದು ನ್ಯೂಟನ್ ಮೀಟರಿನ ಆಸುಪಾಸಿಗೆ, ಅಳತೆ ತೋರಿಸುವ ಪಾನಾದಿಂದಲೇ ಬಿಗಿಯಬೇಕು. ನಲವತ್ತು ವರ್ಷ ಉಕ್ಕಿಗೆ ಒಗ್ಗಿದ ಕೈಗೆ ಅದು ಬೆರಳ ತುದಿಯ ಬಿಗಿ. ಇನ್ನೊಂದು ಸುತ್ತು ಹೆಚ್ಚಾದರೆ ಕಾರ್ಬನ್ ಸೀಳುತ್ತದೆ, ಕಡಿಮೆಯಾದರೆ ಗುಂಡಿಯಲ್ಲಿ ಹ್ಯಾಂಡಲ್ ಜಾರುತ್ತದೆ. ಕಡ್ಡಿಗಳ ಕತೆಯೂ ಇಂಥದ್ದೇ. ನಲವತ್ತು ಕಡ್ಡಿಯ ಚಕ್ರದಲ್ಲಿ ಒಂದು ಮುರಿದರೆ ಊರು ಸೇರಿ ನಾಳೆ ಬೆಂಡು ತೆಗೆಸಬಹುದು. ಇಪ್ಪತ್ತು ಕಡ್ಡಿಯ ಚಕ್ರದಲ್ಲಿ ಒಂದು ಮುರಿದರೆ ರಿಮ್ಮು ಅಲ್ಲೇ ಓರೆಯಾಗಿ ಬ್ರೇಕಿಗೋ ಚೌಕಟ್ಟಿಗೋ ಉಜ್ಜುತ್ತದೆ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ. ಇಪ್ಪತ್ತು ಕಿಲೋದಿಂದ ಹನ್ನೊಂದಕ್ಕೆ ಇಳಿಯಲು ಕೆಲವು ಹತ್ತು ಸಾವಿರ ರೂಪಾಯಿ ಸಾಕು. ಹನ್ನೊಂದರಿಂದ ಎಂಟಕ್ಕೆ ಲಕ್ಷಗಳು ಬೇಕು. ಎಂಟರಿಂದ ಆರಕ್ಕೆ ಬರುವಾಗ ಮೊತ್ತ ಹತ್ತು ಲಕ್ಷ ದಾಟಿದರೂ ಆಶ್ಚರ್ಯವಿಲ್ಲ. ಕೊನೆಯ ಹಂತದಲ್ಲಿ ಉಕ್ಕಿನ ಬೋಲ್ಟಿನ ಜಾಗಕ್ಕೆ ಟೈಟೇನಿಯಂ ಬೋಲ್ಟು ಹಾಕಿ ಒಂದೆರಡು ಗ್ರಾಂ ಇಳಿಸುವವರಿದ್ದಾರೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಕಲ್ಲು ಅರೆದು ಕೆಲವೇ ಗ್ರಾಂ ಚಿನ್ನ ತೆಗೆಯುತ್ತಾರೆ. ಅಲ್ಲಿ ಕೈಗೆ ಬಂದ ಗ್ರಾಮಿಗೆ ಬೆಲೆ, ಇಲ್ಲಿ ಕೈಬಿಟ್ಟ ಗ್ರಾಮಿಗೆ ಬೆಲೆ. ಹೀಗೆ ಲಕ್ಷ ಕೊಟ್ಟು ಇಳಿಸಿದ ತೂಕ ರಾಯಚೂರಿನ ಮೇ ತಿಂಗಳಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಮುಕ್ಕಾಲು ಲೀಟರಿನ ಎರಡು ಬಾಟಲಿ ಇಲ್ಲದೆ ಯಾರೂ ಹೊರಡುವುದಿಲ್ಲ, ಹೊರಡಲೂಬಾರದು. ಎರಡು ಬಾಟಲಿ ನೀರೆಂದರೆ ಒಂದೂವರೆ ಕಿಲೋ. ಆರೂವರೆ ಕಿಲೋ ಸೈಕಲ್ಲು ಮನೆಯ ಹೊಸಿಲು ದಾಟುವ ಮೊದಲೇ ಎಂಟು ಕಿಲೋ ಆಗಿರುತ್ತದೆ.

ಹಗುರತನದ ಹಟಕ್ಕೆ ನಿಜವಾಗಿ ಅರ್ಥವಿರುವ ಪಂದ್ಯಗಳೂ ಇವೆ. ಬ್ರಿಟನ್ನಿನಲ್ಲಿ ಪ್ರತಿ ಶರತ್ಕಾಲದಲ್ಲಿ ಗುಡ್ಡ ಹತ್ತುವ ಸ್ಪರ್ಧೆಗಳು ನಡೆಯುತ್ತವೆ. ಕೆಲವೇ ನಿಮಿಷಗಳ ಕಡಿದಾದ ಏರು, ಒಬ್ಬೊಬ್ಬರಾಗಿ ಹತ್ತಬೇಕು, ಇಳಿಜಾರಿಲ್ಲ, ಗಾಳಿಯಿಲ್ಲ, ನೀರಿನ ಬಾಟಲಿ ಬೇಕಿಲ್ಲ. ಅಲ್ಲಿನವರು ಹ್ಯಾಂಡಲ್ಲಿನ ಕೆಳಗಿನ ಕೊಂಬುಗಳನ್ನೇ ಗರಗಸದಿಂದ ಕೊಯ್ದು, ಹಿಡಿಯ ಪಟ್ಟಿ ಬಿಚ್ಚಿ, ಬೇಡದ ಹಲ್ಲುಚಕ್ರಗಳನ್ನು ತೆಗೆದು, ಐದಾರು ಕಿಲೋದ ಸೈಕಲ್ಲಿನ ಮೇಲೆ ಹತ್ತುತ್ತಾರೆ. ಅದು ಸೈಕಲ್ಲನ್ನು ಒಂದೇ ಪ್ರಶ್ನೆಗೆ ಉತ್ತರವಾಗುವಂತೆ ಕೆತ್ತುವ ಕೆಲಸ. ನೋಡಲು ವಿಚಿತ್ರವಾದರೂ ಪ್ರಾಮಾಣಿಕವಾದದ್ದು. ನಮ್ಮಲ್ಲಿ ಅದಕ್ಕೆ ಹತ್ತಿರ ಬರುವ ರಸ್ತೆಯೆಂದರೆ ಸಂಡೂರಿನಿಂದ ಕುಮಾರಸ್ವಾಮಿ ಗುಡಿಯ ಕಡೆಗೆ ಕಾಡಿನ ನಡುವೆ ಹತ್ತುವ ದಾರಿ. ಮಳೆಗಾಲದ ನಂತರ, ಬೆಟ್ಟ ಇನ್ನೂ ಹಸಿರಾಗಿರುವಾಗ, ಅದಿರಿನ ಲಾರಿಗಳು ಹೊರಡುವ ಮುನ್ನ ಬೆಳಿಗ್ಗೆ ಬೇಗ ಅಲ್ಲಿ ಹತ್ತಿದರೆ ಒಂದೊಂದು ಕಿಲೋ ತೂಕವೂ ತೊಡೆಗೆ ಗೊತ್ತಾಗುತ್ತದೆ.

ನನ್ನ ಸೈಕಲ್ಲಿನಲ್ಲಿ ಈಗ ಇಪ್ಪತ್ತೆಂಟು ಮಿಲಿಮೀಟರಿನ ಟೈರುಗಳಿವೆ, ಮುಳ್ಳು ತಡೆಯಲು ನಡುವೆ ಒಂದು ಪದರವಿರುವಂಥವು. ಒಳಗಿರುವುದು ಸಾಮಾನ್ಯ ರಬ್ಬರ್ ಟ್ಯೂಬು. ಸೀಟಿನ ಕೆಳಗಿನ ಚೀಲದಲ್ಲಿ ಇನ್ನೊಂದು ಟ್ಯೂಬು, ಪಂಪು, ಪಾನಾಗಳು, ಜಾಲಿಮುಳ್ಳು ಕೀಳಲು ಒಂದು ಸಣ್ಣ ಚಿಮಟಿಗೆ. ಎಲ್ಲ ಸೇರಿ ತೂಕ ಮೊದಲಿಗಿಂತ ಮುಕ್ಕಾಲು ಕಿಲೋ ಹೆಚ್ಚಾಗಿದೆ. ಕುಮಾರಸ್ವಾಮಿಯ ಏರಿನಲ್ಲಿ ಕಳೆದ ಕಾರ್ತಿಕದಲ್ಲಿ ತೆಗೆದುಕೊಂಡ ಸಮಯ, ಹಗುರ ಟೈರಿನ ಕಾಲಕ್ಕಿಂತ ಅರ್ಧ ನಿಮಿಷ ಹೆಚ್ಚು. ಅದರಲ್ಲಿ ಸೈಕಲ್ಲಿನ ಪಾಲೆಷ್ಟು, ಮೂರು ವರ್ಷ ಹೆಚ್ಚಾದ ನನ್ನ ವಯಸ್ಸಿನ ಪಾಲೆಷ್ಟು ಎಂದು ಬೇರ್ಪಡಿಸುವ ತಕ್ಕಡಿ ಮನೆಯಲ್ಲಿಲ್ಲ.